ಕರುಳು ಕೆರಳಿದಾಗ ಮನೆಯಲ್ಲಿ ಏನೇನು ಮಾಡಬೇಕು

ನಮ್ಮ ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿದ್ದೇವೆ. ತಾರೀಖಿನ ಪಕ್ಕದಲ್ಲಿ ಹಾಲಿನ ಲೆಕ್ಕ ಇರುತ್ತದೆ. ಒಂದು, ಒಂದೂವರೆ, ಹಬ್ಬದ ದಿನ ಎರಡು. ಅದರ ಕೆಳಗೆ ಪುಟ್ಟ ಪುಟ್ಟ ಗೀಟುಗಳು. ಕೆಲವು ನೀಲಿ, ಕೆಲವು ಕೆಂಪು. ಮನೆಗೆ ಬಂದವರು ಅದನ್ನೂ ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ. ಅದು ನನ್ನ ಕರುಳಿನ ಲೆಕ್ಕ. ಒಂದು ಸಲ ಟಾಯ್ಲೆಟ್ಟಿಗೆ ಹೋಗಿ ಬಂದರೆ ಒಂದು ಗೀಟು. ರಕ್ತ ಕಂಡಿದ್ದರೆ ಕೆಂಪು ಪೆನ್ನು.

ನನಗಿರುವುದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಕೆಂಪಾಗಿ, ಊದಿಕೊಂಡು, ಹುಣ್ಣಾಗಿ, ರಕ್ತ ಒಸರುವ ಕಾಯಿಲೆ. ಗುದದ ಹತ್ತಿರ ಶುರುವಾಗಿ ಮೇಲಕ್ಕೆ ಹರಡುತ್ತದೆ. ಇದರ ಜೊತೆಗಾರ ಕಾಯಿಲೆ ಕ್ರೋನ್ಸ್. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. ಎರಡನ್ನೂ ಸೇರಿಸಿ ಡಾಕ್ಟರುಗಳು ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ, ಅನ್ನುತ್ತಾರೆ. ಎರಡೂ ತಿಂಗಳುಗಟ್ಟಲೆ ತಣ್ಣಗಿರುತ್ತವೆ, ಆಮೇಲೆ ಒಂದು ದಿನ ಕೆರಳುತ್ತವೆ. ಆಸ್ಪತ್ರೆಯಲ್ಲಿ ಅದನ್ನು ಫ್ಲೇರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ "ಮತ್ತೆ ಶುರುವಾಯ್ತು" ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ.

ನಾನು ತುಮಕೂರಿನವಳು. ಕೊರಟಗೆರೆ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಈ ಕಾಯಿಲೆ ಗೊತ್ತಾಗಿ 9 ವರ್ಷ ಆಯಿತು. ನಾನು ಡಾಕ್ಟರ್ ಅಲ್ಲ, ಯಾವ ಔಷಧಿ ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಕೆರಳಿದ ದಿನಗಳಲ್ಲಿ ರೋಗಿ ಇರುವುದು ಮನೆಯಲ್ಲಿ. ಅಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ಒಂದೊಂದಾಗಿ ಹೇಳುತ್ತೇನೆ.

ಉಷ್ಣ, ಮೂಲವ್ಯಾಧಿ ಅಂತ ನೀವೇ ಹೆಸರಿಡಬೇಡಿ

ಮೊದಲ ಸಲ ರಕ್ತ ಕಂಡಾಗ ನಾನು ಯಾರಿಗೂ ಹೇಳಲಿಲ್ಲ. ಎರಡು ವಾರ ಆದಮೇಲೆ ಅತ್ತೆಗೆ ಹೇಳಿದೆ. "ಉಷ್ಣ ಆಗಿದೆ ಕಣಮ್ಮ. ದಿನಾ ಆ ಬಸ್ಸಲ್ಲಿ ಕೂತ್ಕೊಂಡು ಹೋಗ್ತೀಯಲ್ಲ, ಇನ್ನೇನಾಗುತ್ತೆ? ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಕುಡಿ" ಅಂದರು. ಕುಡಿದೆ. ನಿಲ್ಲಲಿಲ್ಲ. ಆಮೇಲೆ ಮೂಲವ್ಯಾಧಿಗೆ ಗ್ಯಾರಂಟಿ ಚಿಕಿತ್ಸೆ ಅಂತ ಬೋರ್ಡು ಹಾಕಿದ್ದ ಕಡೆ ಹೋದೆವು. ಪರೀಕ್ಷೆ ಮಾಡದೆಯೇ ಮುಲಾಮು, ಪುಡಿ ಕೊಟ್ಟರು. ಹೀಗೇ 14 ತಿಂಗಳು ಕಳೆದವು. 58 ಕೆಜಿ ಇದ್ದವಳು 47ಕ್ಕೆ ಇಳಿದೆ. ಕೊನೆಗೆ ಒಬ್ಬ ಡಾಕ್ಟರ್ ಮೇಡಂ ಕೇಳಿದರು: "ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಗುತ್ತಾ?" ಅಲ್ಲಿವರೆಗೂ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಹೌದು ಅಂದೆ, ರಾತ್ರಿ ಮೂರು ಸಲ. ಅದೇ ವಾರ ಕೊಲೊನೋಸ್ಕೋಪಿ ಆಯಿತು, ಅಂದರೆ ಗುದದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ.

ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಮಲ ಹೋದಮೇಲೆ ಕೆಂಪು ರಕ್ತ ತೊಟ್ಟಿಕ್ಕುತ್ತದೆ. ಭೇದಿ ಇರುವುದಿಲ್ಲ, ಜ್ವರ ಇರುವುದಿಲ್ಲ. ಕರುಳಿನ ಉರಿಯೂತದಲ್ಲಿ ರಕ್ತ ಲೋಳೆಯ ಜೊತೆ, ತೆಳು ಮಲದ ಜೊತೆ ಬೆರೆತು ಬರುತ್ತದೆ. ಐಬಿಎಸ್ ಅಂತ ಇನ್ನೊಂದು ತೊಂದರೆ ಇದೆ. ಹೆಸರು ಹತ್ತಿರ ಹತ್ತಿರ, ಕಾಯಿಲೆ ಬೇರೆ. ಅದರಲ್ಲಿ ಹೊಟ್ಟೆ ನುಲಿಯುತ್ತದೆ, ಭೇದಿ ಆಗುತ್ತದೆ. ಆದರೆ ರಕ್ತ ಬೀಳುವುದು, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವುದು ಅದರ ಲಕ್ಷಣವಲ್ಲ. ನಮ್ಮ ಕಡೆ ಇನ್ನೂ ಎರಡನ್ನು ನೆನಪಿಡಬೇಕು. ಅಮೀಬಾದಿಂದ ಬರುವ ಆಮಶಂಕೆ ಥೇಟ್ ಅಲ್ಸರೇಟಿವ್ ಕೊಲೈಟಿಸ್ ಥರವೇ ಕಾಣುತ್ತದೆ. ಕರುಳಿನ ಟಿಬಿ ಥೇಟ್ ಕ್ರೋನ್ಸ್ ಥರ ಕಾಣುತ್ತದೆ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಕೊಟ್ಟರೆ ಅಪಾಯ. ಅದಕ್ಕೇ ಡಾಕ್ಟರ್ ಬಯಾಪ್ಸಿ (ಕರುಳಿನ ಚೂರು ತೆಗೆದು ನೋಡುವುದು), ಮಲ ಪರೀಕ್ಷೆ, ಎದೆ ಎಕ್ಸ್‌ರೇ ಅಂತ ಬರೆದುಕೊಟ್ಟರೆ ದುಡ್ಡು ಕೀಳೋಕೆ ಅಂದುಕೊಳ್ಳಬೇಡಿ. ಮಾಡಿಸಿ.

ಗೀಟಿನ ಲೆಕ್ಕ

ಕೆರಳುವ ಮೊದಲು ಪ್ರತಿಯೊಬ್ಬರ ದೇಹವೂ ಒಂದು ಸೂಚನೆ ಕೊಡುತ್ತದೆ. ನನಗೆ ಅದು ಅವಸರ. ದಿನಕ್ಕೆ ಹೋಗುವುದು ಒಂದೇ ಸಲ, ಆದರೆ ಬಂತು ಅಂದರೆ ತಡೆದುಕೊಳ್ಳುವುದಕ್ಕೆ ಆಗುವುದಿಲ್ಲ. ಆಮೇಲೆ ಲೋಳೆ ಬರುತ್ತದೆ, ಸಿಂಬಳದ ಹಾಗೆ. ಅದಾಗಿ ನಾಲ್ಕೈದು ದಿನಕ್ಕೆ ರಕ್ತ. ನನ್ನ ಹಾಗೇ ಈ ಕಾಯಿಲೆ ಇರುವ ಗುಬ್ಬಿಯ ಅಕ್ಕ ಒಬ್ಬರಿಗೆ ಮೊದಲು ಕೀಲುನೋವು ಬರುತ್ತದಂತೆ, ಮೊಣಕಾಲು ಊದಿಕೊಳ್ಳುತ್ತದಂತೆ. ಕೆಲವರಿಗೆ ಬಾಯಿಹುಣ್ಣು, ಕೆಲವರಿಗೆ ಸುಮ್ನೆ ಸುಸ್ತು. ಈ ಕಾಯಿಲೆ ಕರುಳಿನಲ್ಲಿದ್ದರೂ ಕೀಲು, ಕಣ್ಣು, ಚರ್ಮಕ್ಕೂ ಕೈ ಚಾಚುತ್ತದೆ. ನಿಮ್ಮ ಸೂಚನೆ ಯಾವುದು ಅಂತ ತಿಳಿದುಕೊಳ್ಳಲು ಬರೆದಿಡುವುದೊಂದೇ ದಾರಿ. ಮೂರು ಸಲ ಕೆರಳುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ಏನು ಬರೆಯಬೇಕು? ದಿನಕ್ಕೆ ಎಷ್ಟು ಸಲ. ಅದರಲ್ಲಿ ರಕ್ತ ಎಷ್ಟು ಸಲ. ರಾತ್ರಿ ಮಲಗಿದ ಮೇಲೆ ಎಷ್ಟು ಸಲ ಎದ್ದಿರಿ. ನಾನು ರಾತ್ರಿಯ ಗೀಟಿಗೆ ಸುತ್ತ ಸೊನ್ನೆ ಹಾಕುತ್ತೇನೆ. ಜ್ವರ ಬಂದರೆ ಎಷ್ಟು ಡಿಗ್ರಿ. ವಾರಕ್ಕೊಂದು ಸಲ ತೂಕ, ಅದೂ ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಏನೂ ತಿನ್ನುವ ಮೊದಲು. ಮಾತ್ರೆ ತಪ್ಪಿಸಿದ ದಿನ ಒಂದು ಗುಣಾಕಾರ ಚಿಹ್ನೆ. ಇಷ್ಟು ಸಾಕು.

ಟಾಯ್ಲೆಟ್ಟಿಗೆ ಹೋಗಿ ಬರೀ ಲೋಳೆ ರಕ್ತ ಬಂದು ಮಲವೇ ಬರದಿದ್ದರೂ ಅದನ್ನು ಲೆಕ್ಕಕ್ಕೆ ಸೇರಿಸಿ. ಎಷ್ಟೋ ಜನ "ಅದು ಹೋದಂಗಲ್ಲ" ಅಂತ ಬಿಟ್ಟುಬಿಡುತ್ತಾರೆ. ಹೋಗಿ ಬಂದರೂ ಇನ್ನೂ ಇದೆ ಇನ್ನೂ ಇದೆ ಅನ್ನಿಸುವುದು, ತಿಣುಕಿದರೂ ಏನೂ ಬರದಿರುವುದು, ಇದೂ ಕಾಯಿಲೆಯ ಲಕ್ಷಣವೇ. ಊದಿಕೊಂಡ ಗುದನಾಳ ತುಂಬಿದೆ ಅಂತ ಮಿದುಳಿಗೆ ತಪ್ಪು ಸುದ್ದಿ ಕಳಿಸುತ್ತಿರುತ್ತದೆ.

ಡಾಕ್ಟರ್ ಮುಂದೆ ಕೂತಾಗ ಈ ಗೀಟು ಎಷ್ಟು ಕೆಲಸಕ್ಕೆ ಬರುತ್ತದೆ ಗೊತ್ತಾ? ಮೊದಲೆಲ್ಲ "ಹೇಗಿದೀರಾ" ಅಂದರೆ "ಪರವಾಗಿಲ್ಲ ಮೇಡಂ, ಸ್ವಲ್ಪ ಲೂಸ್ ಮೋಷನ್" ಅನ್ನುತ್ತಿದ್ದೆ. ಪಕ್ಕದಲ್ಲಿ ಬೇರೆ ರೋಗಿಗಳು ನಿಂತಿರುತ್ತಿದ್ದರು, ನಾಚಿಕೆ. ಈಗ ಕ್ಯಾಲೆಂಡರಿನ ಫೋಟೋ ತೆಗೆದುಕೊಂಡು ಹೋಗಿ ಮೊಬೈಲ್ ಮುಂದಿಡುತ್ತೇನೆ. ಬಾಯಿ ಬಿಡುವ ಕೆಲಸವೇ ಇಲ್ಲ. ಅವರು ನೋಡಿ "ಹತ್ತನೇ ತಾರೀಖಿನಿಂದ ಜಾಸ್ತಿ ಆಗಿದೆಯಲ್ಲ" ಅನ್ನುತ್ತಾರೆ.

ಇವು ಕಂಡರೆ ಅದೇ ದಿನ ಆಸ್ಪತ್ರೆಗೆ

ದಿನಕ್ಕೆ 6 ಅಥವಾ ಅದಕ್ಕಿಂತ ಜಾಸ್ತಿ ಸಲ ರಕ್ತ ಬೆರೆತ ಭೇದಿ, ಜೊತೆಗೆ 100 ಡಿಗ್ರಿ ದಾಟಿದ ಜ್ವರ ಇಲ್ಲವೇ ನಿಮಿಷಕ್ಕೆ 90ಕ್ಕಿಂತ ಜಾಸ್ತಿ ನಾಡಿ ಬಡಿತ ಇದ್ದರೆ ಅದು ತೀವ್ರವಾಗಿ ಕೆರಳಿದೆ ಅಂತ ಅರ್ಥ. ಡಾಕ್ಟರುಗಳು 1955ರಿಂದ ಬಳಸುತ್ತಿರುವ ಅಳತೆ ಇದು. ಇದಕ್ಕೆ ಮನೆಯಲ್ಲಿ ಮದ್ದಿಲ್ಲ, ಅಡ್ಮಿಟ್ ಆಗಬೇಕು. ನಾಡಿ ನೋಡುವುದು ಸುಲಭ. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿ.

ಹೊಟ್ಟೆ ಉಬ್ಬಿ ಗಟ್ಟಿಯಾಗಿ, ಮುಟ್ಟಿದರೆ ನೋವು ಜಾಸ್ತಿ ಆದರೆ ಕಾಯಬೇಡಿ. ಭೇದಿ ಇದ್ದಕ್ಕಿದ್ದಂತೆ ಕಡಿಮೆಯಾಗಿ ಹೊಟ್ಟೆ ಉಬ್ಬಿದರೆ ಗುಣವಾಯಿತು ಅಂತ ಸಮಾಧಾನ ಪಡಬೇಡಿ, ಅದು ಇನ್ನೂ ಅಪಾಯ. ಕ್ರೋನ್ಸ್ ಇರುವವರಿಗೆ ವಾಂತಿ ಆಗುತ್ತಾ, ಗಾಳಿಯೂ ಹೋಗದೆ, ಹೊಟ್ಟೆ ಹಿಂಡಿದರೆ ಕರುಳು ಕಟ್ಟಿಕೊಂಡಿರಬಹುದು. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಅರ್ಧ ದಿನವಾದರೂ ಮೂತ್ರ ಬರದಿರುವುದು, ರಕ್ತ ಗಡ್ಡೆಗಡ್ಡೆಯಾಗಿ ಬೀಳುವುದು, ಇವಕ್ಕೂ ಅಷ್ಟೇ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋವಾದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಹೊರಡಿ. ಕರುಳು ಕೆರಳಿದಾಗ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಕಣ್ಣು ಕೆಂಪಾಗಿ ನೋಯುತ್ತಾ, ಬೆಳಕು ನೋಡಲು ಆಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ, ಕರುಳಿನ ಕಾಯಿಲೆ ಇದೆ ಅಂತಲೂ ಹೇಳಿ.

ರಾತ್ರಿ ಹೊತ್ತಾದರೆ 108ಕ್ಕೆ ಫೋನ್ ಮಾಡಿ. ತುಮಕೂರಿನಲ್ಲಿ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳಿವೆ, ಮೊದಲ ಚಿಕಿತ್ಸೆಗೆ ಬೆಂಗಳೂರಿನವರೆಗೆ 70 ಕಿಲೋಮೀಟರ್ ಓಡಬೇಕಿಲ್ಲ. ಡ್ರಿಪ್ ಹಾಕಿಸಿಕೊಂಡು, ಸ್ವಲ್ಪ ಚೇತರಿಸಿಕೊಂಡ ಮೇಲೆ, ಬೇಕಾದರೆ ಅವರೇ ಮುಂದಕ್ಕೆ ಕಳಿಸುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಮೂರನ್ನೂ ಒಂದೇ ಕವರಿನಲ್ಲಿ ಹಾಕಿಟ್ಟಿರಿ. ಹಳೇ ಕೊಲೊನೋಸ್ಕೋಪಿ, ಬಯಾಪ್ಸಿ ರಿಪೋರ್ಟುಗಳೂ ಅದರಲ್ಲೇ ಇರಲಿ.

ಅಷ್ಟು ಜೋರಾಗಿಲ್ಲದಿದ್ದರೆ: ಫೋನ್, ಪರೀಕ್ಷೆ, ಮಾತ್ರೆ

ಎರಡು ಮೂರು ದಿನ ಗೀಟು ಏರುತ್ತಾ ಹೋದರೆ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಅಪಾಯಿಂಟ್‌ಮೆಂಟ್ ಬರಲಿ ಅಂತ ಕಾಯಬೇಡಿ. ಅವರು ಮೊದಲು ಮಲ ಪರೀಕ್ಷೆ ಬರೆಯಬಹುದು. ಹೊರಗಡೆ ನೀರು, ಊಟದಿಂದ ಸೋಂಕು ತಗುಲಿದರೂ ಇದೇ ಲಕ್ಷಣಗಳು ಬರುತ್ತವೆ, ಸೋಂಕಿನಿಂದಲೇ ಕೆರಳುವುದೂ ಉಂಟು. ಕ್ಯಾಲ್‌ಪ್ರೊಟೆಕ್ಟಿನ್ ಅಂತ ಇನ್ನೊಂದು ಮಲ ಪರೀಕ್ಷೆ ಇದೆ. ಅದರ ಅಂಕಿ 50ರ ಒಳಗಿದ್ದರೆ ಕರುಳು ತಣ್ಣಗಿದೆ ಅಂತ, 250 ದಾಟಿದ್ದರೆ ಸಾಮಾನ್ಯವಾಗಿ ಉರಿಯೂತ ಇದೆ ಅಂತ. ರಕ್ತದಲ್ಲಿ ಹಿಮೋಗ್ಲೋಬಿನ್, ಉರಿಯೂತ ತೋರಿಸುವ ಸಿಆರ್‌ಪಿ ನೋಡುತ್ತಾರೆ.

ಇನ್ನು ಮಾತ್ರೆ. ನಾನು ಕೆರಳಿಸಿಕೊಂಡಿದ್ದರಲ್ಲಿ ಎರಡು ಸಲ ನನ್ನದೇ ತಪ್ಪು. ಚೆನ್ನಾಗಿದ್ದೇನಲ್ಲ ಅಂತ ಕರುಳಿನ ಉರಿಯೂತಕ್ಕೆ ಕೊಡುವ ಮೆಸಲಮಿನ್ ಮಾತ್ರೆ ನಿಲ್ಲಿಸಿದ್ದೆ. ಕಾಯಿಲೆ ಸುಮ್ಮನಿರುವುದೇ ಆ ಮಾತ್ರೆಯಿಂದ ಅನ್ನುವುದು ತಲೆಗೆ ಹೋಗಿರಲಿಲ್ಲ. ಆ ಮಾತ್ರೆಗೆ ಮೇಲೊಂದು ಲೇಪ ಇರುತ್ತದೆ, ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಅಂತ. ಅದನ್ನು ಜಗಿಯಬೇಡಿ, ಪುಡಿ ಮಾಡಬೇಡಿ. ಅದೇ ಜಾತಿಯ ಸಲ್ಫಸಲಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು, ಗಾಬರಿ ಬೇಡ. ಅದರ ಜೊತೆ ಫೋಲಿಕ್ ಆಸಿಡ್ ಮಾತ್ರೆ ಬರೆದಿರುತ್ತಾರೆ, ಅದನ್ನೂ ಬಿಡಬೇಡಿ.

ಎನಿಮಾ (ಗುದದಿಂದ ಒಳಗೆ ಬಿಡುವ ದ್ರವ ಔಷಧಿ), ಸಪೋಸಿಟರಿ (ಗುದದಲ್ಲಿ ಇಡುವ ಮಾತ್ರೆ) ಅಂದರೆ ನಮ್ಮ ಹೆಣ್ಣುಮಕ್ಕಳು ಮುಖ ತಿರುಗಿಸುತ್ತಾರೆ. ನಾನೂ ಒಂದು ತಿಂಗಳು ಡಬ್ಬ ಬೀರುವಿನಲ್ಲೇ ಬಚ್ಚಿಟ್ಟಿದ್ದೆ. ಆದರೆ ಹುಣ್ಣು ಕೆಳಗೇ ಇದ್ದಾಗ ನೇರ ಅಲ್ಲಿಗೇ ತಲುಪುವ ಔಷಧಿ ಬಾಯಿಂದ ನುಂಗಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಮಲಗುವ ಮುಂಚೆ ಟಾಯ್ಲೆಟ್ಟಿಗೆ ಹೋಗಿ ಬನ್ನಿ. ಹಾಸಿಗೆ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಸೀರೆ ಹಾಸಿ. ಎನಿಮಾ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಕೈಯಲ್ಲಿ ಹಿಡಿದು ಮೈಬಿಸಿಗೆ ತನ್ನಿ. ತಣ್ಣಗಿದ್ದರೆ ಒಳಗೆ ಹೋದ ತಕ್ಷಣ ಹೊರಗೆ ಬರುತ್ತದೆ. ಎಡಮಗ್ಗುಲಿಗೆ ಮಲಗಿ, ಬಲಗಾಲನ್ನು ಎದೆ ಕಡೆ ಮಡಚಿ. ತುದಿಗೆ ಸ್ವಲ್ಪ ಜೆಲ್ ಸವರಿ, ನಿಧಾನವಾಗಿ ಒತ್ತಿ. ಎಡಮಗ್ಗುಲು ಯಾಕೆ ಅಂದರೆ ದೊಡ್ಡ ಕರುಳಿನ ಕೊನೆಯ ಭಾಗ ಇರುವುದು ಎಡಕ್ಕೆ, ಔಷಧಿ ತಾನಾಗೇ ಅಲ್ಲಿಗೆ ಹರಿಯುತ್ತದೆ. ಅರ್ಧ ಗಂಟೆ ಹಾಗೇ ಮಲಗಿರಿ. ಮೊದಲ ಎರಡು ಮೂರು ರಾತ್ರಿ ನಿಲ್ಲದೇ ಇರಬಹುದು. ಬಿಡಬೇಡಿ. ಹುಣ್ಣು ಸ್ವಲ್ಪ ಆರಿದ ಹಾಗೆ ತಾನಾಗಿ ನಿಲ್ಲುತ್ತದೆ.

ಡಾಕ್ಟರ್ ಸ್ಟೀರಾಯ್ಡ್ ಬರೆದರೆ ಬೆಳಿಗ್ಗೆ ತಿಂಡಿ ಆದಮೇಲೆ ತೆಗೆದುಕೊಳ್ಳಿ, ರಾತ್ರಿ ತೆಗೆದುಕೊಂಡರೆ ನಿದ್ದೆ ಬರುವುದಿಲ್ಲ. ವಾರದಲ್ಲೇ ಹಾಯೆನಿಸುತ್ತದೆ. ಹಾಯೆನಿಸಿತು ಅಂತ ಒಮ್ಮೆಲೇ ನಿಲ್ಲಿಸುವುದು ದೊಡ್ಡ ಅಪಾಯ. ಸಾಮಾನ್ಯವಾಗಿ ವಾರಕ್ಕೆ 5 ಮಿಲಿಗ್ರಾಂನಂತೆ ಇಳಿಸುತ್ತಾ ಬರುತ್ತಾರೆ. ಆ ಇಳಿಸುವ ತಾರೀಖುಗಳನ್ನೂ ನಾನು ಕ್ಯಾಲೆಂಡರಿನಲ್ಲೇ ಬರೆದುಬಿಡುತ್ತೇನೆ. ಮಿಕ್ಕಿದ್ದನ್ನು ಎತ್ತಿಟ್ಟುಕೊಂಡು ಮುಂದಿನ ಸಲ ಕೆರಳಿದಾಗ ನೀವೇ ನುಂಗಬೇಡಿ. ಸಕ್ಕರೆ ಕಾಯಿಲೆ ಇರುವವರು ಶುಗರ್ ಜಾಸ್ತಿ ಸಲ ನೋಡಿಸಿಕೊಳ್ಳಬೇಕು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆ ತೆಗೆದುಕೊಳ್ಳುವವರು ಹೇಳಿದ ದಿನಕ್ಕೆ ಸರಿಯಾಗಿ ರಕ್ತಕಣಗಳ ಪರೀಕ್ಷೆ ಮಾಡಿಸಲೇಬೇಕು. ಜ್ವರ, ಗಂಟಲುನೋವು ಬಂದರೆ ತಕ್ಷಣ ತಿಳಿಸಬೇಕು.

ಮೆಡಿಕಲ್ ಶಾಪಿನಲ್ಲಿ ಮೈಕೈ ನೋವಿಗೆ ಅಂತ ಕೇಳಿದರೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಯಾವುದಾದರೂ ಒಂದು ಕೊಡುತ್ತಾರೆ. ಇವು ಕರುಳನ್ನು ಕೆರಳಿಸಬಹುದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ರಕ್ತ ಬೀಳುವಾಗ ಡಾಕ್ಟರ್ ಹೇಳದೆ ಮುಟ್ಟಬೇಡಿ. ಹಾಗೇ ಆಂಟಿಬಯಾಟಿಕ್ ಕೂಡ. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಅದು ಮಾತ್ರೆಯ ಬಣ್ಣ. ಆ ಮಾತ್ರೆಯಿಂದ ಹೊಟ್ಟೆ ಕೆಟ್ಟರೆ ಹೇಳಿ, ಕಬ್ಬಿಣವನ್ನು ಡ್ರಿಪ್‌ನಲ್ಲೂ ಕೊಡುತ್ತಾರೆ. ಗರ್ಭಿಣಿಯಾದರೆ ನೀವೇ ಮಾತ್ರೆ ನಿಲ್ಲಿಸಬೇಡಿ, ಮೊದಲು ಕೇಳಿ. ಕೆರಳಿದ ಕರುಳು ತಾಯಿಗೂ ಮಗುವಿಗೂ ಒಳ್ಳೆಯದಲ್ಲ.

ನೀರು

ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಒಆರ್‌ಎಸ್ ಪುಡಿಯ ದೊಡ್ಡ ಪ್ಯಾಕೆಟ್ಟನ್ನು ಸರಿಯಾಗಿ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ, 24 ಗಂಟೆ ಒಳಗೆ ಮುಗಿಸಿ. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇರಬೇಕು. ಅಂಗಡಿಯ ಹಣ್ಣಿನ ರುಚಿಯ ಡಬ್ಬಗಳಲ್ಲಿ ಸಕ್ಕರೆ ಜಾಸ್ತಿ, ಅದು ಭೇದಿಯನ್ನು ಹೆಚ್ಚಿಸಬಹುದು. ಪುಡಿ ಸಿಗದಿದ್ದರೆ 1 ಲೀಟರ್ ನೀರಿಗೆ 6 ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಮ್ಮದು ತೆಂಗಿನ ಜಿಲ್ಲೆ, ಹೊಟ್ಟೆ ಕೆಟ್ಟರೆ ಮೊದಲು ಬರುವುದೇ ಎಳನೀರು. ಕುಡಿಯಿರಿ, ಅದರಲ್ಲಿ ಪೊಟ್ಯಾಶಿಯಂ ಇದೆ. ಆದರೆ ಸೋಡಿಯಂ ಕಡಿಮೆ. ಜೋರು ಭೇದಿಯಲ್ಲಿ ಒಆರ್‌ಎಸ್ ಬದಲಿಗೆ ಎಳನೀರು ಅಂದರೆ ಆಗುವುದಿಲ್ಲ, ಎರಡೂ ಬೇಕು.

ಊಟ: ಮುದ್ದೆ ಬಿಡಬೇಕಾ?

ಎಲ್ಲರೂ ಕೇಳುವುದು ಇದನ್ನೇ. ಮುದ್ದೆ ತಿಂದು ಬೆಳೆದ ನಮಗೆ ಅದನ್ನು ಬಿಡು ಅಂದರೆ ಊಟವನ್ನೇ ಬಿಡು ಅಂದಂತೆ. ಊಟದಿಂದ ಈ ಕಾಯಿಲೆ ಬಂದಿಲ್ಲ, ಪಥ್ಯದಿಂದಷ್ಟೇ ಇದು ಹೋಗುವುದೂ ಇಲ್ಲ. ಆದರೆ ಗಾಯದ ಮೇಲೆ ನಾರು ಉಜ್ಜಿಕೊಂಡು ಹೋದರೆ ಉರಿಯುತ್ತದೆ ಅಲ್ವಾ? 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಹತ್ತಿರ. ಹಾಗಾಗಿ ಕೆರಳಿದ ಎರಡು ಮೂರು ವಾರ ಮಾತ್ರ ಮುದ್ದೆಗೆ ರಜೆ. ಚೆನ್ನಾಗಿರುವಾಗ ಅದೇ ನಾರು ಕರುಳಿಗೆ ಒಳ್ಳೆಯದು.

ರಾಗಿ ಬಿಟ್ಟರೆ ಹೊಟ್ಟೆ ತುಂಬಿದ ಹಾಗೇ ಇರುವುದಿಲ್ಲ ಅನ್ನುವವರಿಗೆ ನನ್ನ ಅತ್ತೆ ಕಂಡುಕೊಂಡ ದಾರಿ ಇದೆ. ಉಷ್ಣ ಅಂದಿದ್ದ ಅದೇ ಅತ್ತೆ. ರಾತ್ರಿ ರಾಗಿ ನೆನೆಹಾಕುತ್ತಾರೆ. ಬೆಳಿಗ್ಗೆ ನುಣ್ಣಗೆ ರುಬ್ಬಿ, ಮಾವನವರ ಹಳೇ ಪಂಚೆಯ ತುಂಡಿನಲ್ಲಿ ಹಾಕಿ, ಪಾತ್ರೆ ಮೇಲೆ ಹಿಡಿದು ಹಿಂಡುತ್ತಾರೆ. ಕೆಂಪು ಸಿಪ್ಪೆಯೆಲ್ಲ ಬಟ್ಟೆಯಲ್ಲಿ ಉಳಿದು, ಕೆಳಗೆ ತಿಳಿಗುಲಾಬಿ ಬಣ್ಣದ ಹಾಲು ಇಳಿಯುತ್ತದೆ. ಎರಡನೇ ಸಲ ನೀರು ಹಾಕಿ ಮತ್ತೆ ಹಿಂಡುತ್ತಾರೆ. ಆ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಹತ್ತು ನಿಮಿಷಕ್ಕೆ ಹೊಳೆಯುವ ಗಂಜಿ ಆಗುತ್ತದೆ. ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ಕೂಸುಗಳಿಗೆ ಮಾಡುವ ರಾಗಿ ಸರಿಯ ಲೆಕ್ಕವೇ ಇದು. "ನಿನ್ನ ಕರುಳೂ ಈಗ ಎಳೇ ಕೂಸಿನ ಥರ ಕಣಮ್ಮ" ಅನ್ನುತ್ತಾರೆ.

ಮಿಕ್ಕಂತೆ ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ ಕಟ್ಟು, ಇಡ್ಲಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಸೋರೆಕಾಯಿ, ಸೀಮೆಬದನೆ, ಮಾಗಿದ ಬಾಳೆಹಣ್ಣು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪರವಾಗಿಲ್ಲ, ಜೊತೆಗೆ ಬರುವ ಖಾರದ ಚಟ್ನಿ ಬೇಡ. ಮೊಟ್ಟೆ ಬೇಯಿಸಿ ತಿನ್ನಿ. ಮಾಂಸ ತಿನ್ನುವವರು ಕೋಳಿ ಮೆತ್ತಗೆ ಬೇಯಿಸಿಕೊಳ್ಳಿ. ಗಂಜಿಯೊಂದನ್ನೇ ತಿಂಗಳಾನುಗಟ್ಟಲೆ ಕುಡಿದು ಸೊರಗುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಹುಣ್ಣು ಆರುವುದಕ್ಕೆ ಪ್ರೋಟೀನ್ ಬೇಕು. ಹಾಲು ಕೆಲವರಿಗೆ ಆಗುವುದಿಲ್ಲ, ಹೊಟ್ಟೆ ಗುಡುಗುಟ್ಟುತ್ತದೆ. ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಎರಡು ದಿನ ಹಾಲು ಬಿಟ್ಟು ನೋಡಿ, ವ್ಯತ್ಯಾಸ ಇಲ್ಲದಿದ್ದರೆ ಮತ್ತೆ ಕುಡಿಯಿರಿ.

ದೂರ ಇಡಬೇಕಾದ್ದು: ಬಸ್ಸಾರು ಉಪ್ಸಾರಿನ ಸೊಪ್ಪು, ಹುರುಳಿಕಾಳು, ಅಲಸಂದೆ, ಅವರೆಕಾಳು, ಹಲಸಿನ ಹಣ್ಣು, ಸೀಬೆಹಣ್ಣು, ಹಸಿ ಈರುಳ್ಳಿ, ಟೊಮೆಟೊ ಸಿಪ್ಪೆ ಬೀಜ, ಕರಿದಿದ್ದು, ಜಾಸ್ತಿ ಖಾರ. ಕ್ರೋನ್ಸ್‌ನಿಂದ ಕರುಳು ಕಿರಿದಾಗಿದೆ ಅಂತ ಹೇಳಿದ್ದರೆ ಸಿಪ್ಪೆ, ಬೀಜ, ನಾರಿನ ಬಗ್ಗೆ ಇನ್ನೂ ಹುಷಾರು, ಅಲ್ಲಿ ಸಿಕ್ಕಿಕೊಳ್ಳಬಹುದು. ಮೂರು ಹೊತ್ತು ತುಂಬಾ ತಿನ್ನುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಬೀಡಿ, ಸಿಗರೇಟ್ ಸೇದುವವರಲ್ಲಿ ಕ್ರೋನ್ಸ್ ಇನ್ನೂ ಜೋರಾಗುತ್ತದೆ, ಬಿಟ್ಟುಬಿಡಿ.

ಉರಿಗೆ, ಓಡಾಟಕ್ಕೆ

ಹತ್ತು ಸಲ ತೊಳೆದರೆ ಗುದದ ಸುತ್ತಲಿನ ಚರ್ಮ ಹಸಿ ಆಗುತ್ತದೆ. ಸೋಪು ಬೇಡ, ಬರೀ ಉಗುರುಬೆಚ್ಚಗಿನ ನೀರು. ಹಳೇ ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಆಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ. ಅಗಲ ಟಬ್ಬಿನಲ್ಲಿ ಬಿಸಿನೀರು ಹಾಕಿ ಹತ್ತು ನಿಮಿಷ ಕೂತರೆ ಹಾಯೆನಿಸುತ್ತದೆ. ಅಲ್ಲೇ ಗಡ್ಡೆಯಾಗಿ ಕೀವು, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಬೆಂಗಳೂರಿಗೆ ಹೋಗಲೇಬೇಕಾದರೆ ಕೆರಳಿದ ದಿನಗಳಲ್ಲಿ ನಾನ್‌ಸ್ಟಾಪ್ ಬಸ್ಸು ಹತ್ತಬೇಡಿ. ರೈಲಿನಲ್ಲಿ ಶೌಚಾಲಯ ಇರುವ ಬೋಗಿ ನೋಡಿ, ಅದರ ಹತ್ತಿರವೇ ಕೂರಿ. ಚೀಲದಲ್ಲಿ ಒಂದು ಜೊತೆ ಒಳಬಟ್ಟೆ, ಪ್ಯಾಡ್, ಒಂದು ಬಾಟಲಿ ನೀರು, ಪ್ಲಾಸ್ಟಿಕ್ ಕವರ್, ಒಆರ್‌ಎಸ್ ಇರಲಿ. ಪ್ಯಾಡ್ ಗಂಡಸರಿಗೂ ಆಗುತ್ತದೆ, ಸಂಕೋಚ ಬೇಡ.

ಕೆಲಸದ ಜಾಗದಲ್ಲಿ ಒಬ್ಬರಿಗಾದರೂ ಹೇಳಿಟ್ಟಿರಿ. ನಾನು ಮೂರು ವರ್ಷ ಯಾರಿಗೂ ಹೇಳದೆ, ಪಾಠದ ಮಧ್ಯೆ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಓಡುತ್ತಿದ್ದೆ. ಒಂದು ದಿನ ಎರಡನೇ ಕ್ಲಾಸಿನ ಹುಡುಗಿ ನನ್ನ ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತು, "ಮಿಸ್, ನೀರು ತಂದಿದೀನಿ" ಅಂದಳು. ಬಕೆಟ್ಟಿನಲ್ಲಿ ನೀರಿಲ್ಲದ್ದು ಅವಳಿಗೆ ಗೊತ್ತಿತ್ತು. ಅವತ್ತೇ ಸಂಜೆ ಹೆಡ್‌ಮಿಸ್‌ಗೆ ಎಲ್ಲ ಹೇಳಿದೆ. ನನ್ನ ಕ್ಲಾಸನ್ನು ಟಾಯ್ಲೆಟ್ ಪಕ್ಕದ ಕೋಣೆಗೆ ಬದಲಾಯಿಸಿದರು.

ಗೀಟು ಕಡಿಮೆಯಾದ ಮೇಲೆ

ರಕ್ತ ನಿಂತು, ರಾತ್ರಿ ಏಳುವುದು ನಿಂತು, ದಿನಕ್ಕೆ ಒಂದೆರಡು ಸಲಕ್ಕೆ ಬಂದಾಗಲೂ ಒಳಗಿನ ಹುಣ್ಣು ಪೂರ್ತಿ ಆರಿರುವುದಿಲ್ಲ. ಮಾತ್ರೆ ಮುಂದುವರಿಸಿ. ಎರಡು ಮೂರು ತಿಂಗಳಿಗೆ ಕ್ಯಾಲ್‌ಪ್ರೊಟೆಕ್ಟಿನ್ ಮತ್ತೆ ನೋಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಕಾಯಿಲೆ ಶುರುವಾಗಿ 8 ವರ್ಷ ಆದಮೇಲೆ ಕೊಲೊನೋಸ್ಕೋಪಿಯಲ್ಲಿ ಕ್ಯಾನ್ಸರ್ ಸೂಚನೆ ಏನಾದರೂ ಇದೆಯಾ ಅಂತ ನೋಡುತ್ತಾರೆ. ಆಮೇಲೆ ಎಷ್ಟು ವರ್ಷಕ್ಕೊಮ್ಮೆ ಅಂತ ಅವರೇ ಹೇಳುತ್ತಾರೆ. ನನ್ನದು ಹೋದ ವರ್ಷ ಆಯಿತು.

ಬಿಟ್ಟ ಊಟವನ್ನು ಒಂದೊಂದಾಗಿ ವಾಪಸ್ ತನ್ನಿ. ಒಂದು ಪದಾರ್ಥ ಶುರು ಮಾಡಿದರೆ ಎರಡು ಮೂರು ದಿನ ಇನ್ನೊಂದನ್ನು ಸೇರಿಸಬೇಡಿ. ಯಾವುದು ಒಗ್ಗಲಿಲ್ಲ ಅಂತ ಗೊತ್ತಾಗಬೇಕಲ್ಲ. ನಾನು ಮೊದಲು ಮಧ್ಯಾಹ್ನ ನಿಂಬೆಹಣ್ಣಿನ ಗಾತ್ರದ ಮುದ್ದೆ, ಬಸಿದ ತಿಳಿಸಾರು. ಮೂರು ದಿನ ಗೀಟು ಏರದಿದ್ದರೆ ಅರ್ಧ ಮುದ್ದೆ. ಆಮೇಲೆ ಎಳೇ ಸೊಪ್ಪು, ಚೆನ್ನಾಗಿ ಬೇಯಿಸಿ ಮಸೆದಿದ್ದು. ಕಾಳುಗಳು ಕೊನೆಗೆ. ಹೋದ ಸಲ ಸಂಕ್ರಾಂತಿ ಹೊತ್ತಿಗೆ ಇನ್ನೂ ಪೂರ್ತಿ ಸರಿಹೋಗಿರಲಿಲ್ಲ. ಮನೆತುಂಬ ಅವರೆಕಾಯಿ ಸೊಗಡು, ನನ್ನ ತಟ್ಟೆಯಲ್ಲಿ ಅನ್ನ, ಬೇಳೆ ಕಟ್ಟು. ಹಬ್ಬ ಆಗಿ ಎರಡು ವಾರಕ್ಕೆ ಅತ್ತೆ ಅವರೆಕಾಳು ನೆನೆಸಿ, ಒಂದೊಂದನ್ನೇ ಹೆಬ್ಬೆರಳಲ್ಲಿ ಹಿಸುಕಿ, ಸಿಪ್ಪೆಯೆಲ್ಲ ತೆಗೆದು, ನನಗೆಂದೇ ಖಾರ ಕಡಿಮೆ ಮಾಡಿ ಹಿತಕಿದ ಬೇಳೆ ಸಾರು ಮಾಡಿದರು. ಎರಡು ಸೌಟು ಹಾಕಿಕೊಂಡೆ. ಮಾರನೇ ದಿನ ಕ್ಯಾಲೆಂಡರಿನಲ್ಲಿ ಒಂದೇ ಗೀಟು, ನೀಲಿ.